ತಂಗಿಯಜ್ಜಿ ಕಟ್ಟಿದ ಅಡಾಪ್ಟರು

ಅವಳಿಗೆ ಅರವತ್ತು ದಾಟಿತ್ತು. ಆದರೂ ಓಣಿಯವರಿಗೆಲ್ಲ ಅವಳು ತಂಗಿಯೇ. ಅವಳ ಅಣ್ಣ ಬಡಗಿ, ದೊಡ್ಡ ಗಂಟಲಿನವನು. ಮಹಡಿ ಕೋಣೆಯಲ್ಲಿದ್ದ ಅವಳನ್ನು ಅವನು ಕೆಳಗಿನಿಂದ 'ತಂಗೀ' ಎಂದು ಕೂಗಿದರೆ ಓಣಿಯ ಆ ತುದಿಯ ಇಸ್ತ್ರಿ ಅಂಗಡಿಯವರೆಗೂ ಕೇಳುತ್ತಿತ್ತು. ಕೇಳಿ ಕೇಳಿ ಇಸ್ತ್ರಿಯವನೂ ಹಾಗೇ ಕರೆದ, ಹಾಲು ತರುವವಳೂ ಹಾಗೇ ಕರೆದಳು. ಮಕ್ಕಳು ಮಾತ್ರ, ತಲೆತುಂಬ ಬೆಳ್ಳಿಕೂದಲಿರುವವಳನ್ನು ಬರೀ ತಂಗಿ ಅನ್ನುವುದು ಹೇಗೆಂದು ಸಂಕೋಚಪಟ್ಟು ಹಿಂದೆ ಒಂದು ಅಜ್ಜಿ ಸೇರಿಸಿದವು. ಹೀಗೆ ಅವಳು ತಂಗಿಯಜ್ಜಿಯಾದಳು.

ಹರೆಯದಿಂದಲೂ ಅವಳ ಕೆಲಸ ಮೋಟಾರು ವೈಂಡಿಂಗು. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಹೊಟ್ಟೆಯಿಂದ ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು. ಸುತ್ತುವಾಗ ಎಣಿಕೆ ತಪ್ಪಬಾರದು. ಹಾಗಾಗಿ ಯಾರು ಏನು ಕೇಳಿದರೂ ಅವಳಿಂದ ಬರುತ್ತಿದ್ದದ್ದು ಒಂದು 'ಹ್ಞೂಂ' ಅಷ್ಟೇ. ಮದುವೆಯ ಪ್ರಸ್ತಾಪ ಬಂದಾಗಲೂ ನಮ್ಮ ತಂಗಿ ಸುತ್ತು ಎಣಿಸುತ್ತಿದ್ದಳು, ಅವರು ಕಾದು ಕಾದು ಎದ್ದು ಹೋದರು ಎಂದು ಅತ್ತಿಗೆ ಈಗಲೂ ನಗಾಡುತ್ತಿದ್ದಳು. ಅದರಲ್ಲಿ ಅರ್ಧ ನಿಜ. ಇನ್ನರ್ಧ ಏನೆಂದರೆ, ತಂಗಿಗೆ ಆ ವರ್ಕ್‌ಶಾಪು, ಆ ವಾರ್ನಿಶ್ ವಾಸನೆ, ತಾನು ಸುತ್ತಿದ ಮೋಟಾರು ಮೊದಲ ಸಲ ಗುಂಯ್ ಎಂದು ಎದ್ದು ತಿರುಗುವ ಆ ಗಳಿಗೆ ಸಾಕಾಗಿತ್ತು.

ಬರಬರುತ್ತಾ ಜನ ಮೋಟಾರು ರಿಪೇರಿ ಮಾಡಿಸುವುದನ್ನೇ ಬಿಟ್ಟರು. ಕೆಟ್ಟರೆ ಎಸೆದು ಹೊಸದು ತಂದರು. ಮಾಲೀಕ ಒಂದು ದಿನ ಶಟರ್ ಎಳೆದು, ಅವಳ ಕೈಗೆ ಕರೆಂಟು ಅಳೆಯುವ ಮೀಟರೊಂದನ್ನೂ ಬೆಸುಗೆ ಹಾಕುವ ಕಾವುಕಡ್ಡಿಯನ್ನೂ ಕೊಟ್ಟು, ತಾನೇ ಮೊದಲು ಕಣ್ಣೊರೆಸಿಕೊಂಡ. ಅವಳು ಅವೆರಡನ್ನೂ ಮಹಡಿ ಕೋಣೆಯ ಕಿಟಕಿಯ ದಂಡೆಯ ಮೇಲಿಟ್ಟು, ಅತ್ತಿಗೆಗೆ ತರಕಾರಿ ಹೆಚ್ಚಿಕೊಡುತ್ತಾ ದಿನ ತಳ್ಳತೊಡಗಿದಳು. ಅತ್ತಿಗೆಯ ಅಭಿಪ್ರಾಯದಲ್ಲಿ ಅವಳು ತರಕಾರಿಯನ್ನೂ ಎಣಿಸಿಯೇ ಹೆಚ್ಚುತ್ತಿದ್ದಳು.

ಅಷ್ಟರಲ್ಲಿ ಅಣ್ಣನ ಕಣ್ಣು ಮಂಜಾಗುತ್ತಾ ಬಂದಿತ್ತು. ಒಂದೇ ಸಲಕ್ಕೆ ಹೋದದ್ದಲ್ಲ. ನೋಟದ ಅಂಚು ಸುತ್ತಲಿಂದ ಸವೆಯುತ್ತಾ ಬಂದು, ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಬೆಳಕು ಉಳಿಯಿತು. ಆಮೇಲೆ ಅದೂ ಮಬ್ಬಾಯಿತು. ಕಣ್ಣಿನ ಡಾಕ್ಟರು ಹನಿ ಔಷಧಿ ಬರೆದುಕೊಟ್ಟು, ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಇದು, ಹೋದದ್ದು ಬರುವುದಿಲ್ಲ ಎಂದಿದ್ದರು. ಅಣ್ಣ ಅದನ್ನು ಹೆಂಡತಿಗೂ ತಂಗಿಗೂ ಹೇಳಿದ. ಮಗಳಿಗೆ ಹೇಳಕೂಡದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡ. ಮಗಳು ಪಟ್ಟಣದ ಇನ್ನೊಂದು ಮಗ್ಗುಲಲ್ಲಿ ಗಂಡನ ಜೊತೆಗಿದ್ದಳು. ಅವಳು ಸಿಟಿ ಬಸ್ಸಿನ ಡ್ರೈವರು. ಬಸ್ ತುಂಬ ಜನರನ್ನು ಕೂರಿಸಿಕೊಂಡು ಹೋಗುವವಳ ತಲೆಯಲ್ಲಿ ಅಪ್ಪನ ಕಣ್ಣು ಇರಬಾರದು ಅನ್ನುವುದು ಅವನ ವಾದ. ಅವಳು ಬರುವ ದಿನ ಅವನು ತನ್ನ ಮಾಮೂಲಿ ಕುರ್ಚಿಯಲ್ಲಿ ಕೂತಿರುತ್ತಿದ್ದ. ಮನೆಯ ಒಂದೊಂದು ಮೂಲೆಯೂ ಅವನ ಕೈಗೆ ಬಾಯಿಪಾಠ. ಅಪ್ಪ ಸ್ವಲ್ಪ ನಿಧಾನವಾಗಿದ್ದಾರೆ ಎನ್ನುವುದಕ್ಕಿಂತ ಹೆಚ್ಚಿನದು ಅವಳ ಗಮನಕ್ಕೆ ಬರಲಿಲ್ಲ.

ಕಣ್ಣು ಹೋದರೂ ಕೆಲಸ ಹೋಗಿರಲಿಲ್ಲ. ಗರಗಸವನ್ನು ಅವನು ದೂರವಿಟ್ಟ. ಹಲಗೆಗಳನ್ನು ಮರದ ಅಂಗಡಿಯಲ್ಲೇ ಅಳತೆಗೆ ಕೊಯ್ಸಿ ತರಿಸಿ, ಕೆಳಮನೆಯ ಮುಂದಿನ ಕೋಣೆಯಲ್ಲಿ ಕೂತು ಸ್ಟೂಲು, ಕಪಾಟು, ಚಪ್ಪಲಿ ಸ್ಟ್ಯಾಂಡು ಜೋಡಿಸುತ್ತಿದ್ದ. ಅದಕ್ಕೆಲ್ಲ ಆಧಾರ ಅವನ ಹಳೆಯ ಬ್ಯಾಟರಿ ಡ್ರಿಲ್ಲು. ವೈರಿಲ್ಲದ್ದು, ಹಿಡಿಕೆಯ ಬುಡಕ್ಕೆ ಬ್ಯಾಟರಿ ಸಿಕ್ಕಿಸುವಂಥದ್ದು. ಹಸಿರು ಬಣ್ಣದ ಮೈ ಹಿಡಿದು ಹಿಡಿದು ಬೆರಳುಗಳ ಕೆಳಗೆ ಬೋಳಾಗಿತ್ತು. ಅದರ ಮೋಟಾರಿನ ದನಿ ಕೇಳಿಯೇ ಸ್ಕ್ರೂ ಎಷ್ಟು ಒಳಗೆ ಹೋಯಿತು, ಮರ ಗಟ್ಟಿಯೋ ಪೊಳ್ಳೋ, ಎಲ್ಲಿ ಕೈ ಸಡಿಲಿಸಬೇಕು ಎಂಬುದನ್ನು ತಿಳಿಯುತ್ತಿದ್ದ. ಸ್ಕ್ರೂ ತಲೆ ಮರಕ್ಕೆ ಸಮನಾಗುವ ಕ್ಷಣಕ್ಕೆ ಸರಿಯಾಗಿ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಅವನ ಬೆರಳೂ ಅಲ್ಲೇ ನಿಲ್ಲುತ್ತಿತ್ತು.

ಆ ಡ್ರಿಲ್ಲಿನ ಬ್ಯಾಟರಿ ಸತ್ತಿತು. ಚಾರ್ಜಿಗೆ ಹಾಕಿದರೆ ಬಿಸಿಯಾಗುತ್ತಿತ್ತೇ ಹೊರತು ಜೀವ ಹಿಡಿಯುತ್ತಿರಲಿಲ್ಲ. ಅತ್ತಿಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿ ಅಲೆದಳು. ಈ ನಮೂನೆಯದು ಬರುವುದು ನಿಂತೇ ಹೋಗಿದೆ, ಡ್ರಿಲ್ಲನ್ನೇ ಬದಲಾಯಿಸಿ ಎಂದರು ಎಲ್ಲರೂ. ವಿಷಯ ಫೋನಿನಲ್ಲಿ ಮಗಳ ಕಿವಿಗೂ ಬಿತ್ತು. ಮುಂದಿನ ರಜೆಯ ದಿನ ಅವಳು ಹೊಚ್ಚಹೊಸ ಡ್ರಿಲ್ಲೊಂದನ್ನು ಹೊತ್ತುಕೊಂಡೇ ಬಂದಳು. ಹಗುರ, ಚೂಟಿ, ಮುಂದೆ ದೀಪ ಬೇರೆ. ಅಪ್ಪನ ತೊಡೆಯ ಮೇಲಿಟ್ಟು, ಇದರಲ್ಲಿ ಕತ್ತಲಲ್ಲೂ ಕೆಲಸ ಮಾಡಬಹುದು ಎಂದಳು. ಅತ್ತಿಗೆಯೂ ತಂಗಿಯೂ ನೆಲ ನೋಡಿದರು. ಅಣ್ಣ ಅದನ್ನು ಸವರಿ, ತುಂಬಾ ಚೆನ್ನಾಗಿದೆ ಮಗಳೇ ಎಂದ.

ಅವಳು ಹೋದ ಮೇಲೆ ಒಂದು ಸಲ ಒತ್ತಿ ನೋಡಿದ. ಹೊಸ ಕಾಲದ ಮೋಟಾರು. ಮರ ಮೆತ್ತಗಿದ್ದರೂ ಗಟ್ಟಿಯಿದ್ದರೂ ಅದು ಕಿವಿಯ ಬಳಿಯ ಸೊಳ್ಳೆಯ ಹಾಗೆ ಒಂದೇ ರಾಗ ಎಳೆಯುತ್ತಿತ್ತು. ಮೊದಲ ಸ್ಕ್ರೂ ಹಲಗೆಯನ್ನು ಸೀಳಿಕೊಂಡು ಆಚೆ ಹೋಯಿತು. ಅವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಅಂದಿನಿಂದ ಮುಂದಿನ ಕೋಣೆಯ ಸದ್ದೇ ಅಡಗಿತು.

ಒಂದು ಬೆಳಗ್ಗೆ ಅತ್ತಿಗೆ ಮೆಟ್ಟಿಲ ಮೇಲೆ ತಂಗಿಯನ್ನು ತಡೆದು ನಿಲ್ಲಿಸಿದಳು.

"ಎರಡೂ ಕೈ ತೊಡೆ ಮೇಲಿಟ್ಕೊಂಡು ಕೂತಿರ್ತಾರೆ ಕಣೇ, ಬಸ್ಸಿಗೆ ಕಾಯೋರ ಹಾಗೆ. ಯಾವ ಬಸ್ಸು ಬರಬೇಕೋ ಏನೋ. ನನಗೆ ಅಡುಗೆಮನೇಲಿ ನಿಲ್ಲೋಕಾಗ್ತಿಲ್ಲ."

ತಂಗಿ 'ಹ್ಞೂಂ' ಎಂದಳು. ಆದರೆ ಅಣ್ಣ ಸ್ನಾನಕ್ಕೆ ಹೋದಾಗ ಹಳೆಯ ಡ್ರಿಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಒಯ್ದಳು.

ಬಿಚ್ಚಿ ನೋಡಿದರೆ ಮೋಟಾರು ಗಟ್ಟಿಮುಟ್ಟಾಗಿತ್ತು. ಗೇರುಗಳಿಗೆ ಗ್ರೀಸು ಹಾಕಿದರೆ ಸಾಕು. ಕೆಟ್ಟದ್ದು ಬ್ಯಾಟರಿಯೊಂದೇ. ಅದರ ಡಬ್ಬಿ ತೆರೆದಳು. ಒಳಗಿನ ಸೆಲ್ಲುಗಳು ಬೂಷ್ಟು ಹಿಡಿದ ಹಾಗೆ ಬಿಳಿ ಪುಡಿ ಕಾರಿಕೊಂಡು ಕೂತಿದ್ದವು. ಅವಳ ತಲೆಗೆ ಹೊಳೆದದ್ದು ಸರಳವಾಗಿತ್ತು. ಹಳೆಯ ಡಬ್ಬಿಯ ಹೊಟ್ಟೆ ಖಾಲಿ ಮಾಡಿ, ಮೇಲಿನ ಕುತ್ತಿಗೆಯನ್ನು ಹಾಗೇ ಉಳಿಸಿಕೊಂಡರೆ ಅದು ಡ್ರಿಲ್ಲಿಗೆ ಮೊದಲಿನಂತೆಯೇ ಕೂರುತ್ತದೆ. ಅದರ ತಳಕ್ಕೆ ಹೊಸ ಬ್ಯಾಟರಿ ಕೂರುವಂತೆ ಒಂದು ಕಚ್ಚು ಮಾಡಿ, ನಡುವೆ ತಂತಿ ಎಳೆದರೆ ಆಯಿತು. ಎರಡು ಬೇರೆ ಕಾಲದ ಸಾಮಾನುಗಳ ನಡುವೆ ನಿಲ್ಲುವ ದುಭಾಷಿಯಂಥ ಒಂದು ಅಡಾಪ್ಟರು. ಎರಡರ ಮೈಮೇಲೂ ಬರೆದಿದ್ದ ವೋಲ್ಟಿನ ಅಂಕಿ ಅದೃಷ್ಟಕ್ಕೆ ಒಂದೇ ಆಗಿತ್ತು. ಹೊಸ ಬ್ಯಾಟರಿಗಾಗಿ ಎಲ್ಲಿಗೂ ಹೋಗಬೇಕಿರಲಿಲ್ಲ. ಮಗಳು ತಂದ ಡ್ರಿಲ್ಲಿನ ಜೊತೆ ಒಂದು ಇತ್ತಲ್ಲ.

ತಾಮ್ರದ ತಗಡು ಕತ್ತರಿಸಿ ಬ್ಯಾಟರಿಗೆ ತಾಗುವ ನಾಲಿಗೆ ಮಾಡಿದಳು. ಯಾವುದು ಪ್ಲಸ್ಸು ಯಾವುದು ಮೈನಸ್ಸು ಎಂದು ಮೀಟರು ಹಿಡಿದು ಮತ್ತೆ ಮತ್ತೆ ನೋಡಿದಳು. ಕಟ್ಟಿಗೆಯ ತುಂಡೊಂದನ್ನು ಚಾಕುವಿನಿಂದ ಕೆತ್ತಿ ಕಚ್ಚು ಮಾಡಿ, ಅದು ಸಡಿಲಾದದ್ದಕ್ಕೆ ಸುತ್ತ ಟೇಪು ಸುತ್ತಿದಳು. ನೋಡುವುದಕ್ಕೆ ಕಾಲು ಮುರಿದ ಕೋಳಿಗೆ ಬ್ಯಾಂಡೇಜು ಕಟ್ಟಿದ ಹಾಗಿತ್ತು. ಆದರೆ ಗುಂಡಿ ಒತ್ತಿದಾಗ ಮೋಟಾರು ಎದ್ದು ಹಾಡಿತು.

ಕೆಳಗೆ ತಂದು ಅಣ್ಣನ ಬಲಗೈಯೊಳಗೆ ಇಟ್ಟಳು. ಅವನ ಬೆರಳುಗಳು ಬೋಳಾದ ಜಾಗಗಳನ್ನು ಹುಡುಕಿಕೊಂಡು ಕೂತವು. ಒತ್ತಿದ. ಕತ್ತು ವಾಲಿಸಿ ಕೇಳಿದ. ಮತ್ತೆ ಒತ್ತಿದ.

"ಇದು ತಂದ ವರ್ಷ ಹೀಗೇ ಕೂಗ್ತಿತ್ತು ಕಣೇ ತಂಗಿ," ಎಂದ. "ಇದಕ್ಕೆ ವಯಸ್ಸು ಇಳಿದಿದೆ."

ಹಳೆಯ ಬ್ಯಾಟರಿ ವರ್ಷಗಟ್ಟಲೆ ಬಳಲಿ ಬಳಲಿ ಕೊಡುತ್ತಿದ್ದದ್ದನ್ನೇ ಅವನ ಕಿವಿ ರೂಢಿ ಮಾಡಿಕೊಂಡಿತ್ತು. ಹೊಸ ಬ್ಯಾಟರಿ ಬಿಗಿಯಾಗಿ ಕೊಟ್ಟಿತು. ಅಂದು ಅವನು ಊಟಕ್ಕೂ ಏಳಲಿಲ್ಲ. ಅರ್ಧಕ್ಕೆ ನಿಂತಿದ್ದ ಕಪಾಟನ್ನು ಜೋಡಿಸಿ, ಹಳೆಯ ಸ್ಟೂಲುಗಳ ಕಾಲು ಬಿಗಿ ಮಾಡಿ, ಕೊನೆಗೆ ಮಾಡುವುದಕ್ಕೇನೂ ಸಿಗದೆ ತುಂಡು ಹಲಗೆಯೊಂದಕ್ಕೆ ಸ್ಕ್ರೂ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, ಈ ಮನುಷ್ಯನಿಗೆ ಮದುವೆಯಲ್ಲೂ ಇಷ್ಟು ಸಂತೋಷ ಆಗಿರಲಿಲ್ಲ ಎಂದಳು. ಸಂಜೆ ಹೊತ್ತಿಗೆ ಡ್ರಿಲ್ಲು ನಿಧಾನವಾಯಿತು. ಮೊದಲೆಲ್ಲ ಬ್ಯಾಟರಿ ಸೋತಾಗ ಇನ್ನೂ ಒಂದೆರಡು ಸ್ಕ್ರೂ ಹಿಂಡಿಕೊಳ್ಳುವುದು ಅವನ ಅಭ್ಯಾಸ. ಹಿಂಡಿದ. ಪೂರ್ತಿ ನಿಲ್ಲುವವರೆಗೂ ಬಿಡಲಿಲ್ಲ.

ಮರುದಿನ ಚಾರ್ಜರು ಕೆಂಪು ದೀಪ ಮಿಣುಕಿಸಿ ಸುಮ್ಮನಾಯಿತು. ತಂಗಿ ಮೀಟರು ಹಿಡಿದಾಗ ಮುಳ್ಳು ಮಲಗಿದಲ್ಲಿಂದ ಏಳಲೇ ಇಲ್ಲ. ಆಗ ಅವಳಿಗೆ ಅರಿವಾಯಿತು. ಈ ಹೊಸ ಬ್ಯಾಟರಿಯ ಹೊಟ್ಟೆಯನ್ನು ಒಂದು ಮಟ್ಟಕ್ಕಿಂತ ಕೆಳಗೆ ಖಾಲಿ ಮಾಡಿದರೆ ಅದು ಸಾಯುತ್ತದೆ. ಸಾಕು ನಿಲ್ಲಿಸು ಎಂದು ಹೇಳುವ ಬುದ್ಧಿ ಇರುವುದು ಬ್ಯಾಟರಿಯಲ್ಲಲ್ಲ, ಹೊಸ ಡ್ರಿಲ್ಲಿನಲ್ಲಿ. ಹಳೆಯ ಡ್ರಿಲ್ಲಿಗೆ ಅಂಥ ಬುದ್ಧಿಯ ಅಗತ್ಯವೇ ಇರಲಿಲ್ಲ. ಕೇಳಿದಷ್ಟೂ ಕೊಡುವ ಬ್ಯಾಟರಿಯನ್ನು, ಕೊಟ್ಟಷ್ಟೂ ತಿನ್ನುವ ಡ್ರಿಲ್ಲಿಗೆ ತಾನು ಕಟ್ಟಿಹಾಕಿದ್ದೆ ಎಂದು ಅವಳು ಹಣೆ ಒತ್ತಿಕೊಂಡಳು.

ಇನ್ನೂ ದಾರಿ ಹುಡುಕುವ ಮೊದಲೇ ಮಗಳು ಬಂದುಬಿಟ್ಟಳು. ಗೋಡೆಗೆ ಒಂದು ಸ್ಕ್ರೂ ಹಾಕಿಕೊಡುತ್ತೇನೆಂದು ಹೊಸ ಡ್ರಿಲ್ಲಿನ ಪೆಟ್ಟಿಗೆ ತೆಗೆದಳು. ಡ್ರಿಲ್ಲಿನ ಮೇಲೆ ಒಂದು ಗೀರೂ ಇಲ್ಲ, ಬ್ಯಾಟರಿ ಮಾತ್ರ ಹೆಣ. ಪಕ್ಕದಲ್ಲಿ ಟೇಪು ಸುತ್ತಿಕೊಂಡ ಹಳೆಯದು. ಅವಳಿಗೆ ನಡೆದದ್ದು ಅರ್ಥವಾಯಿತು. ಜೋರು ಮಾಡುವ ಹುಡುಗಿಯಲ್ಲ ಅವಳು. ಮೆಟ್ಟಿಲ ಮೇಲೆ ಕೂತು, ಅಪ್ಪನಿಗೆ ಕೇಳದ ಹಾಗೆ, ಮೆಲ್ಲಗೆ ಹೇಳಿದಳು.

"ಅತ್ತೆ, ಬ್ಯಾಟರಿ ಹೋದ್ರೆ ಹೋಗಲಿ. ಆದ್ರೆ ನಾನು ತಂದಿದ್ದನ್ನ ಅಪ್ಪ ಮುಟ್ಟೇ ಇಲ್ಲ. ನಾನೇನು ತಂದ್ರೂ ಚೆನ್ನಾಗಿದೆ ಅಂತಾರೆ, ಆಮೇಲೆ ಒಳಗಿಡ್ತಾರೆ. ನಾನು ಈ ಮನೆಗೆ ಅತಿಥಿನಾ?"

ತಂಗಿ ಉದ್ದಕ್ಕೂ ಮಾತಾಡಿದವಳಲ್ಲ. ಈಗ 'ಹ್ಞೂಂ' ಎಂದರೆ ಸಾಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಣ್ಣನಿಗೆ ಕೊಟ್ಟ ಮಾತು ಅಡ್ಡ ನಿಂತಿತು. ಅದನ್ನು ದಾಟಿ ಹೇಳಿದಳು.

"ಬೇಡ ಅಂತ ಇಟ್ಟಿದ್ದಲ್ಲ ಕಣೇ. ಅವನಿಗೆ ಕಣ್ಣು ಕಾಣ್ಸಲ್ಲ. ಹಳೇದು ಕೂಗೋದನ್ನ ಕೇಳ್ಕೊಂಡು ಕೆಲಸ ಮಾಡ್ತಾನೆ. ನಿಂದು ಏನೂ ಹೇಳಲ್ಲ, ಸುಮ್ನೆ ತಿರುಗತ್ತೆ. ಅದಕ್ಕೆ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ದೀಪ ಇದೆ ಅಂತ ಹೇಳಿದೆನಲ್ಲಾ, ಕತ್ತಲಲ್ಲೂ ಕೆಲಸ ಮಾಡಬಹುದು ಅಂತ ಹೇಳಿದೆನಲ್ಲಾ ಎಂದು ಮಗಳು ತನಗೆ ತಾನೇ ಅಂದುಕೊಳ್ಳುತ್ತಿದ್ದದ್ದು ತಂಗಿಗೆ ಕೇಳಿಸಿತು. ಬೆನ್ನು ಸವರಿದಳು.

ಆಮೇಲೆ ಮಗಳು ಎದ್ದು ಮುಖ ತೊಳೆದು ಮುಂದಿನ ಕೋಣೆಗೆ ಹೋದಳು. ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಎಲ್ಲಿಯವರೆಗೆ ಕಾಣುತ್ತದೆ ಎಂದು ಕೇಳಿದಳು. ಅಣ್ಣ ಹಿಂದೆಯೇ ಬಂದಿದ್ದ ತಂಗಿಯ ಕಡೆ ಮುಖ ತಿರುಗಿಸಿದ. ತಂಗಿ, ಹೇಳಿಬಿಟ್ಟೆ ಅಣ್ಣ ಎಂದಳು. ಅವನು ಬೈಯಬಹುದೆಂದು ಅವಳು ಕಾದಳು. ಅವನು ಕೈ ಚಾಚಿ ಮಗಳ ತಲೆ ಹುಡುಕಿ, ಕಿಟಕಿಯಲ್ಲಿ ಬೆಳಕಿರುವುದು ಗೊತ್ತಾಗುತ್ತದೆ, ನಿನ್ನ ಕೆಂಪು ದುಪಟ್ಟಾ ಹತ್ತಿರ ಬಂದರೆ ಗೊತ್ತಾಗುತ್ತದೆ ಎಂದ. ಅಂದು ಅವಳು ತೊಟ್ಟದ್ದು ನೀಲಿ. ಅವಳು ತಿದ್ದಲಿಲ್ಲ.

"ಅಪ್ಪಾ, ನಾನು ಗೇರ್ ಹಾಕುವಾಗ ಯಾವ ಮುಳ್ಳನ್ನೂ ನೋಡಲ್ಲ," ಎಂದಳು. "ಇಂಜಿನ್ ದನಿ ಕೇಳ್ಕೊಂಡೇ ಹಾಕೋದು. ನಿಮ್ಮ ಸ್ಕ್ರೂ ಏನು ಹೇಳತ್ತೆ, ನಂಗೂ ಸ್ವಲ್ಪ ಕೇಳಿಸಿ."

ಅವತ್ತು ಕೇಳಿಸಲು ಬ್ಯಾಟರಿಯೇ ಇರಲಿಲ್ಲ. ಆದರೂ ಅಪ್ಪ ಬಾಯಲ್ಲೇ ಗುಂಯ್‌ಗುಟ್ಟಿ ತೋರಿಸಿದ. ಮೆತ್ತನೆ ಮರ ಹೀಗೆ, ಗಂಟು ಸಿಕ್ಕರೆ ಹೀಗೆ, ತಲೆ ಸಮವಾದಾಗ ಹೀಗೆ. ದೊಡ್ಡ ಗಂಟಲಿನವನಲ್ಲವೇ, ಇಸ್ತ್ರಿ ಅಂಗಡಿಯವನು ಏನು ಗಲಾಟೆಯೆಂದು ಬಂದು ಇಣುಕಿ ಹೋದ. ಮಗಳು ಅಳುತ್ತಾ ನಕ್ಕಳು. ಅತ್ತಿಗೆ ಟೀ ತಂದಳು, ಸಕ್ಕರೆ ಹಾಕಲು ಮರೆತಿದ್ದಳು. ಎಲ್ಲರೂ ಹಾಗೇ ಕುಡಿದರು.

ಎರಡನೆಯ ಅಡಾಪ್ಟರನ್ನು ಮೂವರೂ ಸೇರಿ ಮಾಡಿದರು. ಮಗಳು ಇನ್ನೊಂದು ಬ್ಯಾಟರಿ ತಂದಳು. ಅದರ ಜೊತೆ ತಂಗಿ ಹೇಳಿಕಳಿಸಿದ್ದ ಬಿಲ್ಲೆಯಂಥ ಸಣ್ಣ ಬೋರ್ಡೂ ಬಂತು. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದ ಕೂಡಲೇ ತಾನಾಗಿ ಕರೆಂಟು ತಡೆಯುವುದು ಅದರ ಕೆಲಸ. ತಂತಿ ಬಿಸಿಯಾಗಿ ಹೊತ್ತಿಕೊಳ್ಳದಿರಲೆಂದು ತಂಗಿ ಒಂದು ಫ್ಯೂಸನ್ನೂ ಸೇರಿಸಿದಳು. ಬೋರ್ಡಿನ ಮೇಲೆ, ಮುಗಿಯುತ್ತಾ ಬಂತು ಎಂದು ಎಚ್ಚರಿಸುವ ಕೆಂಪು ದೀಪವಿತ್ತು. ಅದನ್ನು ನೋಡುತ್ತಾ ತಂಗಿ ಸ್ವಲ್ಪ ಹೊತ್ತು ಕೂತಳು. ನಂತರ ದೀಪ ಕಿತ್ತು, ಕೆಟ್ಟ ಗಡಿಯಾರವೊಂದರಿಂದ ತೆಗೆದ ಪುಟ್ಟ ಬಝರನ್ನು ಅಲ್ಲಿ ಬೆಸೆದಳು. ಬ್ಯಾಟರಿ ಸೋಲುವ ಮೊದಲು ಅದು ಜೀರುಂಡೆಯ ಹಾಗೆ ಚಿರ್ ಎನ್ನುತ್ತಿತ್ತು.

ಕೆತ್ತನೆಯ ಪಾಲು ಅಣ್ಣನದು. ತಂಗಿಯ ಟೇಪು ಸುತ್ತಿದ ಕಟ್ಟಿಗೆಯನ್ನು ಸವರಿ ನೋಡಿ, ಇದನ್ನು ಮಾಡಿದವರಿಗೆ ಮರದ ಮೇಲೆ ಏನು ಸಿಟ್ಟಿತ್ತು ಎಂದು ಕೇಳಿದ. ನಿಮ್ಮ ತಂಗಿಯನ್ನೇ ಕೇಳಿ ಎಂದಳು ಅತ್ತಿಗೆ. ಅವನು ಗಟ್ಟಿ ಮರದ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಬ್ಯಾಟರಿಯ ಹಳಿಗಳನ್ನು ಅಳೆಯುತ್ತಾ, ಉಳಿಯಿಂದ ಚೂರುಚೂರೇ ಎತ್ತುತ್ತಾ ಹೋದ. ಬ್ಯಾಟರಿಯನ್ನು ತಳ್ಳಿದರೆ ಎಣ್ಣೆಯ ಮೇಲೆ ಜಾರಿದಂತೆ ಒಳಗೆ ಹೋಗಿ ಟಕ್ ಎಂದು ನಿಂತಿತು. ಅವಳು ಬೆಸುಗೆ ಹಾಕುವಾಗ ಅವನು ತಂತಿ ಹಿಡಿದುಕೊಂಡ. ಹೊಗೆಗೆ ಇಬ್ಬರೂ ಕೆಮ್ಮಿದರು.

ಈ ಸಲ ಬಝರು ಚಿರ್ ಎಂದಾಗ ಅಣ್ಣ ಬೆರಳು ಸಡಿಲಿಸಿದ. ಬ್ಯಾಟರಿ ಮರುದಿನ ಮತ್ತೆ ಚಾರ್ಜಾಯಿತು. ತಂಗಿ ಮೀಟರು ಹಿಡಿದು ನೋಡಿ, ಉಸಿರು ಬಿಟ್ಟಳು.

ಅಲ್ಲಿಂದ ಮುಂದೆ ಮಗಳು ರಜೆಯ ದಿನಗಳಲ್ಲಿ ಅಪ್ಪನ ಜೊತೆ ಕೂರತೊಡಗಿದಳು. ಹೊಸ ಡ್ರಿಲ್ಲು ಅವಳ ಕೈಗೆ, ಹಳೆಯದು ಅಪ್ಪನ ಕೈಗೆ, ಬ್ಯಾಟರಿ ಮಾತ್ರ ಇಬ್ಬರಿಗೂ ಒಂದೇ. ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಹಲಗೆ ಹಿಡಿಯಬೇಕಾಗುತ್ತಿತ್ತು, ಬೇರೆ ದಾರಿಯಿರಲಿಲ್ಲ. ಇನ್ನೊಂದು ತಂದುಬಿಡಲೇ ಎಂದು ಅವಳು ಕೇಳಿದ್ದಳು. ಅಪ್ಪ, ಈಗೇನು ಅವಸರ ಎಂದಿದ್ದ.

ಆ ಬೇಸಿಗೆಯಲ್ಲಿ ಇಬ್ಬರೂ ಏನನ್ನೋ ಗುಟ್ಟಾಗಿ ಮಾಡುತ್ತಿದ್ದರು. ತಂಗಿ ಕೆಳಗಿಳಿದರೆ ಸಾಕು, ಅಣ್ಣ ಅದರ ಮೇಲೆ ಚಾದರ ಎಳೆಯುತ್ತಿದ್ದ. ಅತ್ತಿಗೆಗೆ ಸಂತೋಷವೋ ಸಂತೋಷ. ಅಡುಗೆಮನೆಯ ಕಪಾಟು ಎತ್ತರವಾಯಿತು, ಕೈಗೆಟುಕುವುದಿಲ್ಲ, ಸ್ವಲ್ಪ ಇಳಿಸಿ ಕೊಡಿ ಎಂದು ಅವಳು ಕೇಳಿಕೊಂಡು ಬಂದದ್ದು ಎಷ್ಟೋ ಕಾಲದಿಂದ. ಕೊನೆಗೂ ದೇವರು ಕಣ್ಣು ಬಿಟ್ಟ ಎಂದುಕೊಂಡಳು. ಆದರೆ ಚಾದರ ಸರಿದಾಗ ಅಲ್ಲಿದ್ದದ್ದು ಕಪಾಟಲ್ಲ, ಮೇಜು. ಸಾಮಾನು ಉರುಳಿ ಬೀಳದಂತೆ ಸುತ್ತ ತೆಳು ಅಂಚು, ಕಾವುಕಡ್ಡಿ ಇಡಲು ಒಂದು ಕಡೆ ಲೋಹದ ತಗಡು ಬಡಿದ ಗೂಡು, ಮೀಟರಿಗೆ ಒಂದು ಹಲಗೆ. ಅಪ್ಪ ಮಗಳು ಅದನ್ನು ಹೊತ್ತುಕೊಂಡು ಮಹಡಿಗೆ ಹೋದರು. ಮೆಟ್ಟಿಲ ತಿರುವಿನಲ್ಲಿ ಒಂದು ಕಾಲು ಗೋಡೆಗೆ ತಾಗಿ ಸುಣ್ಣ ಉದುರಿತು.

ತಂಗಿ ಕೂತು ನೋಡಿದಳು. ಮೊಣಕೈ ಮೇಜಿನ ಮೇಲೆ ಸರಿಯಾಗಿ ಬಂದು ಕೂತಿತು, ಹೆಗಲು ಎತ್ತಬೇಕಾಗಲಿಲ್ಲ. ಒಂದು ದಿನವೂ ತನ್ನ ಅಳತೆ ತೆಗೆದಿರದ ಅಣ್ಣನಿಗೆ ಇದು ಹೇಗೆ ಗೊತ್ತಾಯಿತೆಂದು ಕೇಳಿದಳು.

"ಬೆಸುಗೆ ಹಾಕುವಾಗ ಪಕ್ಕದಲ್ಲೇ ಇದ್ದೆನಲ್ಲಾ," ಎಂದ ಅಣ್ಣ. "ನಿನ್ನ ಮೊಣಕೈ ನನ್ನ ಪಕ್ಕೆಗೆ ತಿವೀತಾನೇ ಇತ್ತು."

ಅತ್ತಿಗೆ ಬಾಗಿಲಿಗೆ ಒರಗಿ ನಿಂತು, ಗಂಡನಿಂದ ಏನಾದರೂ ಬೇಕಾದರೆ ಪಕ್ಕೆಗೆ ತಿವಿಯಬೇಕು ಅನ್ನುವುದು ತನಗೆ ಇಷ್ಟು ವರ್ಷ ತಿಳಿಯಲೇ ಇಲ್ಲವಲ್ಲ ಎಂದಳು. ಮರುವಾರ ಅವಳ ಕಪಾಟೂ ಇಳಿಯಿತು. ಅದಕ್ಕೆ ಅಳತೆ ತೆಗೆಯಲು ಅಣ್ಣ ಅವಳನ್ನು ಗೋಡೆಗೆ ಒರಗಿ ನಿಲ್ಲಿಸಿ, ಕೈ ಮೇಲೆತ್ತಲು ಹೇಳಿ, ಅವಳ ಬೆರಳ ತುದಿಯವರೆಗೂ ತನ್ನ ಅಂಗೈ ಜಾರಿಸಿಕೊಂಡು ಹೋದ. ನೀನು ಕುಳ್ಳಿಯಾಗಿದ್ದೀಯಲ್ಲೇ ಎಂದ. ಅವಳು, ನೀವು ನನ್ನನ್ನು ನೋಡಿ ಎಷ್ಟು ಕಾಲವಾಯಿತು ಎಂದಳು. ಅವನು ಅಂಗೈ ತೆಗೆಯಲಿಲ್ಲ. ತಂಗಿ ಸದ್ದಾಗದಂತೆ ಮೆಟ್ಟಿಲು ಹತ್ತಿದಳು.

ಮೇಜು ಬಂದ ಮೇಲೆ ಅದು ಖಾಲಿ ಇರಲಿಲ್ಲ. ಮೊದಲು ಬಂದವನು ಇಸ್ತ್ರಿಯವನ ಭಾವ, ತೋಟದ ಕೆಲಸದವನು, ಬೇಲಿಗಿಡ ಕತ್ತರಿಸುವ ಯಂತ್ರ ಹಿಡಿದುಕೊಂಡು. ಆಮೇಲೆ ಚರಂಡಿ ಶುಚಿ ಮಾಡುವವನು ಕೈದೀಪ ತಂದ, ಕುರ್ಚಿಗಳಿಗೆ ಗಾದಿ ಹೊಲಿಯುವವಳು ಪಿನ್ನು ಹೊಡೆಯುವ ಯಂತ್ರ ತಂದಳು. ಎಲ್ಲದರ ಕಥೆಯೂ ಒಂದೇ. ಮೈ ಗಟ್ಟಿ, ಬ್ಯಾಟರಿ ಇಲ್ಲ. ತಂಗಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ವೋಲ್ಟಿನ ಅಂಕಿ ಹೊಂದದಿದ್ದರೆ ಹಳೆಯ ಹೊಟ್ಟೆಗೆ ಇಷ್ಟೊಂದು ಊಟ ಅರಗುವುದಿಲ್ಲವೆಂದು ತಿರುಗಿ ಕಳಿಸುತ್ತಿದ್ದಳು. ಅಲಗಿನ ಮುಚ್ಚಳ ಒಡೆದ ಗರಗಸ ಒಂದು ಬಂದಾಗ, ಇದು ಸತ್ತಿರುವುದೇ ನಿನ್ನ ಬೆರಳಿಗೆ ಒಳ್ಳೆಯದು ಎಂದಳು. ಒಪ್ಪಿಕೊಂಡದ್ದಕ್ಕೆಲ್ಲ ಕಚ್ಚು ಕೆತ್ತುವವನು ಕೆಳಗಿದ್ದ. ಬಿಡುವಿನಲ್ಲಿ ಅವನು ಅಳತೆಯ ಕಚ್ಚುಗಳನ್ನು ಕೆತ್ತಿ ಸಾಲಾಗಿ ಇಟ್ಟಿರುತ್ತಿದ್ದ.

ಮುಂದಿನ ಚಳಿಗಾಲಕ್ಕೆ ಕಿಟಕಿಯ ಬೆಳಕೂ ಅವನಿಗೆ ಇಲ್ಲವಾಯಿತು. ಅದನ್ನು ಈ ಸಲ ಅವನು ಮಗಳಿಗೇ ಮೊದಲು ಹೇಳಿದ, ಫೋನು ಮಾಡಿ. ಅವಳು ಡಿಪೋದಲ್ಲಿ ಬಸ್ಸು ನಿಲ್ಲಿಸಿ ನೇರವಾಗಿ ಬಂದಳು, ಸಮವಸ್ತ್ರದಲ್ಲೇ. ಅವನು ಗಡ್ಡ ಕೆರೆದುಕೊಳ್ಳುತ್ತಾ, ನಾಳೆ ಗಾದಿಯವಳ ಯಂತ್ರದ ಕಚ್ಚು ಕೊಡಬೇಕು, ಕೂತು ಸ್ವಲ್ಪ ಹಿಡಿದುಕೋ ಎಂದ. ಅವಳು ಚಪ್ಪಲಿ ಬಿಟ್ಟು ಕೂತಳು. ಮೇಲೆ ತಂಗಿ ಕಾವುಕಡ್ಡಿ ಬಿಸಿಯಾಗಲು ಇಟ್ಟು ಕಾಯುತ್ತಿದ್ದಳು. ಕೆಳಗಿನಿಂದ ಅಣ್ಣ, "ತಂಗೀ, ಕೆಂಪು ತಂತಿ ಯಾವ ಕಡೆ ಬರಬೇಕು?" ಎಂದು ಕೂಗಿದ. ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಹೇಳಲು ಇಳಿದಳು.